ಎಂಟನೆಯ ಸಾಲಿನ ನಾಲ್ಕು

ಹದಿನೇಳು ವರ್ಷ ಪಾಠ ಮಾಡಿದ ಮೇಲೆ ನನಗೆ ಪಾಠ ಮಾಡುವುದನ್ನು ಕಲಿಸಲು ಒಬ್ಬರು ಬಂದರು. ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಸಿಂಧನೂರಿನ ಒಂದು ಕಲ್ಯಾಣ ಮಂಟಪದ ಮೇಲಿನ ಹಾಲ್‌ನಲ್ಲಿ, ಆರು ಶನಿವಾರ. ಸುತ್ತಲಿನ ಡಿಗ್ರಿ ಕಾಲೇಜುಗಳ ಉಪನ್ಯಾಸಕರು, ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುತ್ತಿರುವ ಹುಡುಗ ಹುಡುಗಿಯರು, ಎಲ್ಲ ಸೇರಿ ನಲವತ್ತು ಜನ. ಬರದಿದ್ದವರ ಹೆಸರು ಪ್ರಿನ್ಸಿಪಾಲರಿಗೆ ಹೋಗುತ್ತದೆ ಎಂದಿದ್ದರಿಂದ ಯಾರೂ ತಪ್ಪಿಸಲಿಲ್ಲ. ಬೆಳಿಗ್ಗೆ ಮಂಡಾಳ ವಗ್ಗರಣಿ, ಮಿರ್ಚಿ, ಚಹಾ ಕೊಡುತ್ತಿದ್ದರು. ಮೊದಲ ಶನಿವಾರದ ನೆನಪೆಂದರೆ ನನಗೆ ಆ ಮಿರ್ಚಿಯೇ. ಬಿಸಿ ಇತ್ತು.

ನಾನು ಅರ್ಥಶಾಸ್ತ್ರದವಳು. ಮನೆ ಸಿಂಧನೂರಿನಲ್ಲಿ, ಕೆಲಸ ಮಸ್ಕಿಯ ಒಂದು ಖಾಸಗಿ ಕಾಲೇಜಿನಲ್ಲಿ. ಕಾಯಂ ಅಲ್ಲ. ವರ್ಷವರ್ಷವೂ ಪರೀಕ್ಷೆ ಮುಗಿದ ಕೂಡಲೇ "ಮತ್ತ ಹೇಳಿ ಕಳಸ್ತೀವ್ರಿ ಮೇಡಂ" ಎಂದು ಮನೆಗೆ ಕಳಿಸುತ್ತಾರೆ, ಕಾಲೇಜು ಶುರುವಾದಾಗ ಫೋನು ಮಾಡುತ್ತಾರೆ. ಮೊದಲ ನಾಲ್ಕೈದು ವರ್ಷ ಆ ಫೋನಿಗೆ ಕಾಯುವ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರತೊಡಗಿತು. ಅದಾದ ಮೇಲೆ ಫೋನು ಬಂದರೂ ಏನೂ ಅನ್ನಿಸದ ಹಾಗಾಯಿತು. ಬಸ್ಸಿನಲ್ಲಿ ಬಹಳ ಹೊತ್ತು ಒಂದೇ ರೀತಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ. ಚಿವುಟಿದರೂ ಗೊತ್ತಾಗುವುದಿಲ್ಲ. ಹಾಗಂತ ನಾನು ಬಾಯಿಲ್ಲದವಳಲ್ಲ. ನನ್ನ ಬಾಯಿ ಜೋರು ಎಂದು ಮಸ್ಕಿಯ ಕಂಡಕ್ಟರುಗಳಿಗೂ ಗೊತ್ತು. ಒಳಗೆ ಮಾತ್ರ ಸಪ್ಪೆ.

ಆ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಇಬ್ಬರಿದ್ದೆವು. ಇನ್ನೊಬ್ಬಳು ಲಿಂಗಸುಗೂರಿನಿಂದ ಬರುತ್ತಿದ್ದಳು. ತವರು ಜವಳಗೇರಾ, ಗಂಡನ ಮನೆ ಲಿಂಗಸುಗೂರು. ಹನ್ನೆರಡು ವರ್ಷದ ಹಿಂದೆ, ನಾನು ಸಿಂಧನೂರಿನಲ್ಲೇ ಒಂದು ಕಾಲೇಜಿನಲ್ಲಿದ್ದಾಗ, ನನ್ನ ವಿದ್ಯಾರ್ಥಿನಿ. ಈಗ ಪಿಎಚ್‌ಡಿ ಮಾಡುತ್ತ, ನನ್ನ ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದಳು. ನಾನು ಈ ಕಡೆಯಿಂದ, ಅವಳು ಆ ಕಡೆಯಿಂದ ಬಂದು ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಕೂಡಿ ಕಾಲೇಜಿಗೆ ನಡೆಯುತ್ತಿದ್ದೆವು. ಅವಳು ನನ್ನನ್ನು ಈಗಲೂ ಒಂದು ಹೆಜ್ಜೆ ಮುಂದೆ ಬಿಟ್ಟು ನಡೆಯುತ್ತಿದ್ದಳು.

ತರಬೇತಿಗೆ ಹೋಗುವ ಮೊದಲು ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಒಳಗೆ ಕರೆದರು.

"ನೋಡ್ರಿ, ಈ ವರ್ಷ ಅಡ್ಮಿಶನ್ ಕಮ್ಮಿ ಆಗ್ಯಾವ. ದಸರಾ ಸೂಟಿ ಮುಗಿದ ಮ್ಯಾಲ ಎ ಸೆಕ್ಷನ್ನು ಬಿ ಸೆಕ್ಷನ್ನು ಎರಡೂ ಕೂಡಿಸ್ತೀವಿ. ಎಕನಾಮಿಕ್ಸಿಗೆ ಒಬ್ಬರೇ ಸಾಕು. ಯಾರು ಅನ್ನೋದು ನಾ ಹೇಳಂಗಿಲ್ರಿ, ನನಗ ಪಾಪ ಹತ್ತೋದು ಬ್ಯಾಡ. ಆ ಟ್ರೇನಿಂಗಿನಾಗ ಒಬ್ಬರ ಕ್ಲಾಸು ಇನ್ನೊಬ್ಬರು ನೋಡೋದು ಐತಂತ. ನೀವ ಒಬ್ಬರಿಗೊಬ್ಬರು ಮಾರ್ಕ್ಸ್ ಹಾಕ್ರಿ. ಯಾರಿಗೆ ಜಾಸ್ತಿ ಬರ್ತಾವೋ ಅವರು ಇರ್ಲಿ."

ಪಾಪ ತನಗೆ ಹತ್ತಬಾರದು ಎಂದು ಅದನ್ನು ಎರಡು ಪಾಲು ಮಾಡಿ ನಮ್ಮಿಬ್ಬರ ಕೈಗೆ ಕೊಟ್ಟ ಆ ಮಹಾನುಭಾವರ ಬುದ್ಧಿಗೆ ಏನೆನ್ನಬೇಕು! ಹೊರಗೆ ಬಂದ ಮೇಲೆ ಅವಳ ಮುಖ ಬಿಳುಚಿತ್ತು.

"ಮೇಡಂ, ಕೆಲಸ ಐತಿ ಅನ್ನೋದಕ್ಕ ಮನ್ಯಾಗ ನನಗ ಪಿಎಚ್‌ಡಿ ಮಾಡಾಕ ಬಿಟ್ಟಾರ್ರಿ. ಇದು ಹೋತಂದ್ರ ಅದೂ ಹೋತು," ಅಂದಳು.

"ಯಾಕ ಅಳತಿ? ಇನ್ನೂ ಏನೂ ಆಗಿಲ್ಲಲ್ಲ," ಅಂದೆ. ಅವಳು ಅಳುತ್ತಿರಲಿಲ್ಲ. 

ನನಗೂ ಆ ಕುರ್ಚಿ ಬೇಕಿತ್ತು. ನಲವತ್ತಾರರ ಹೆಂಗಸನ್ನು ಹೊಸದಾಗಿ ಯಾರು ಕರೆಯುತ್ತಾರೆ? ಆದರೆ ಬೇಕು ಎಂದು ಗೊತ್ತಿತ್ತೇ ಹೊರತು ಅನ್ನಿಸುತ್ತಿರಲಿಲ್ಲ.

ತರಬೇತಿ ಕೊಡಲು ಬಂದವರು ನಿವೃತ್ತ ಪ್ರಾಧ್ಯಾಪಕರು, ಮೈಸೂರು ಕಡೆಯವರು, ಸಣ್ಣ ದನಿ. ಎದ್ದು ನಿಂತವರೇ ಭಾಷಣ ಮಾಡಲಿಲ್ಲ, ಒಂದು ಪ್ರಶ್ನೆ ಕೇಳಿದರು. "ನಿನ್ನೆ ನಿಮ್ಮ ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಕೂತಿದ್ದವರು ಏನು ಮಾಡ್ತಿದ್ರು?"

ಸುಮ್ಮನಿರುವುದು ನನ್ನಿಂದ ಆಗದ ಕೆಲಸ. "ಬರಕೊಳ್ಳಾಕತ್ತಿದ್ರು ಸರ್. ಮತ್ತೇನ್ ಮಾಡ್ತಾರ?" ಅಂದೆ. ಎಲ್ಲರೂ ನಕ್ಕರು.

"ಏನನ್ನ ಬರ್ಕೊಳ್ತಿದ್ರು ಮೇಡಂ?"

"ನಾ ಹೇಳಿದ್ದನ್ನ."

"ನೀವು ತಪ್ಪು ಹೇಳಿದ್ರೆ?"

"ಅದನ್ನೂ ಬರಕೋತಾರ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗು. ಈ ಸಲ ನನಗೆ ನಗು ಬರಲಿಲ್ಲ. ಲಿಂಗಸುಗೂರಿನವಳೂ ನಗಲಿಲ್ಲ. ಕೈಯಲ್ಲಿದ್ದ ಚಹಾದ ಕಪ್ಪನ್ನೇ ನೋಡುತ್ತಿದ್ದಳು.

ನಾನು ಪಾಠ ಮಾಡುವ ರೀತಿ ಹೇಳಿಬಿಡುತ್ತೇನೆ. ನಾನು ನೋಟ್ಸ್ ಬರೆಸುತ್ತೇನೆ. ಕ್ಲಾಸಿನಲ್ಲಿ ಅತಿ ನಿಧಾನವಾಗಿ ಬರೆಯುವ ಕೈ ಯಾವುದೋ ಅದರ ವೇಗಕ್ಕೆ ನನ್ನ ದನಿ ಹೊಂದಿಸುತ್ತೇನೆ. "ಪೂರ್ಣವಿರಾಮ. ಮುಂದಿನ ಪ್ಯಾರಾ." ಹಾಜರಿ ಹಿಡಿದು ಗಂಟೆ ಹೊಡೆಯುವವರೆಗೆ ನಾಲ್ಕು ಪುಟ, ಬರೋಬ್ಬರಿ. ಪ್ಲಾಸ್ಟಿಕ್ ಕವರ್ ಹಾಕಿದ ನನ್ನ ನೋಟ್‌ಬುಕ್ಕಿನ ಪುಟಗಳು ಅರಿಷಿಣ ಬಣ್ಣಕ್ಕೆ ತಿರುಗಿವೆ. ಮಸ್ಕಿ ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹೋಗಿ "ಮೇಡಂ ನೋಟ್ಸ್ ಕೊಡ್ರಿ" ಅಂದರೆ ಯಾವ ಮೇಡಂ ಎಂದು ಕೇಳದೆ ಕೊಡುತ್ತಾರೆ. ನಾಟಿಯ ಕಾಲದಲ್ಲಿ ಅರ್ಧ ಹುಡುಗಿಯರು ಗದ್ದೆಗೆ ಹೋಗಿರುತ್ತಾರೆ, ಅವರಿಗೆ ಆ ಜೆರಾಕ್ಸೇ ಕಾಲೇಜು. ಅದರ ಬಗ್ಗೆ ನನಗೊಂದು ಜಂಬ ಇತ್ತು. ಜಂಬ ಅನ್ನುವುದು ಜೋಮಿನಲ್ಲೂ ಸಾಯುವುದಿಲ್ಲ ನೋಡಿ.

ಆ ನೋಟ್ಸಿನಲ್ಲಿ ಒಂದು ಟೇಬಲ್ ಇದೆ. ಒಂದು ಹೊಲ, ಅದಕ್ಕೆ ಒಂದರಿಂದ ಎಂಟರವರೆಗೆ ಆಳು. ಒಬ್ಬೊಬ್ಬರು ಸೇರಿದಾಗಲೂ ಒಟ್ಟು ಫಸಲು ಎಷ್ಟಾಯಿತು, ಹೊಸದಾಗಿ ಬಂದವರಿಂದ ಎಷ್ಟು ಹೆಚ್ಚಾಯಿತು ಎಂದು ಎರಡು ಕಾಲಂ. ಆರನೇ ಆಳಿಗೆ ಒಟ್ಟು ಅರವತ್ತು ಚೀಲ. ಏಳನೆಯವರು ಬಂದರೂ ಅರವತ್ತೇ, ಅಂದರೆ ಹೆಚ್ಚಾದದ್ದು ಸೊನ್ನೆ. ಎಂಟನೆಯವರು ಬಂದಾಗ ಒಟ್ಟು ಐವತ್ತಾರಕ್ಕೆ ಇಳಿಯುತ್ತದೆ, ಅಂದರೆ ಮೈನಸ್ ನಾಲ್ಕು. ಕೆಲಸಕ್ಕೆ ಜನ ಹೆಚ್ಚಾದರೆ ಒಂದು ಹಂತದ ನಂತರ ನಷ್ಟವೇ ಎಂಬುದು ಪಾಠ. ನನ್ನ ನೋಟ್ಸಿನಲ್ಲಿ ಮೈನಸ್ ಇಲ್ಲ. ಬರೀ ನಾಲ್ಕು ಇದೆ.

ಹನ್ನೆರಡು ವರ್ಷದ ಹಿಂದೆ ಸಿಂಧನೂರಿನ ಆ ಕ್ಲಾಸಿನಲ್ಲಿ ನಾನು ಅವಸರದಲ್ಲಿ "ಎಂಟು, ಐವತ್ತಾರು, ನಾಲ್ಕು" ಎಂದು ಬರೆಸಿದೆ. ಜವಳಗೇರಾದ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಅಲ್ಲಿ ಮೈನಸ್ ಬರಬೇಕಲ್ರಿ?" ಅಂದಳು. ಆ ದಿನವೇ ಆಫೀಸಿನಲ್ಲಿ ನನಗೆ ಮುಂದಿನ ತಿಂಗಳಿನಿಂದ ಬರುವುದು ಬೇಡ ಎಂದು ಹೇಳಿದ್ದರು. ಆ ಸಿಟ್ಟನ್ನು ಅವಳ ಮೇಲೆ ಹಾಕಿದೆ. "ಭಾಳ ಶಾಣ್ಯಾ ಆಗಬ್ಯಾಡ. ಸುಮ್ನ ಬರಕೋ," ಅಂದೆ. ಅವಳು ಕೂತಳು. ಬರೆದುಕೊಂಡಳು.

ಮನೆಗೆ ಬಂದು ನೋಡಿದಾಗ ತಪ್ಪು ಕಂಡಿತು. ತಿದ್ದಲಿಲ್ಲ. ಮರುವರ್ಷ ಮಸ್ಕಿಗೆ ಬಂದಾಗ ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನೇ ಬರೆಸಿದೆ. ಆ ಹುಡುಗಿಯ ಮೇಲೆ ರೇಗಿದ್ದಕ್ಕೆ ಮೊದಲು ನಾಚಿಕೆ, ಆಮೇಲೆ ಸೋಮಾರಿತನ, ಆಮೇಲೆ ಅದೂ ಇಲ್ಲ. ಯಾರೂ ಕೇಳಲಿಲ್ಲ. ಜೆರಾಕ್ಸಿನ ಮೇಲೆ ಜೆರಾಕ್ಸ್ ಆಗಿ ನಾಲ್ಕು ಊರೂರು ಸೇರಿತು. ಪೇಪರ್ ತಿದ್ದಲು ಹೋದಾಗ ನೂರಾರು ಉತ್ತರ ಪತ್ರಿಕೆಗಳಲ್ಲಿ ಆ ನಾಲ್ಕನ್ನು ಕಂಡೆ. ನನ್ನದೇ ಕೂಸಲ್ಲವೇ? ಪೂರ್ತಿ ಮಾರ್ಕ್ಸ್ ಹಾಕಿ ಮುಂದಿನ ಪುಟ ತಿರುವಿದೆ.

ಮೂರನೇ ಶನಿವಾರ ಪ್ರಾಧ್ಯಾಪಕರು ಒಂದು ಫಾರ್ಮು ಹಂಚಿದರು. ಇನ್ನೊಬ್ಬರ ಕ್ಲಾಸಿನಲ್ಲಿ ಕೊನೆಯ ಬೆಂಚಿನ ಮೇಲೆ ಕೂಡಬೇಕು. ಪಾಠ ಮಾಡುವವರನ್ನು ನೋಡಬಾರದು. ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು ಐದು ಐದು ನಿಮಿಷಕ್ಕೆ ಆ ಒಬ್ಬರು ಏನು ಮಾಡುತ್ತಿದ್ದಾರೆ ಎಂದು ಬರೆಯಬೇಕು, ಅಷ್ಟೇ. ಕೆಳಗೆ "ಏನು ಬದಲಾಯಿಸಬಹುದು?" ಎಂದು ಕೇಳಿ ಎರಡು ಸಾಲು ಖಾಲಿ ಜಾಗ. "ಇದರಲ್ಲಿ ಮಾರ್ಕ್ಸ್ ಇಲ್ಲ. ಮಾರ್ಕ್ಸ್ ತಂದ್ರೆ ಕೆಡುತ್ತೆ," ಅಂದರು. ನಮ್ಮ ಪ್ರಿನ್ಸಿಪಾಲರು ಅದೇ ಫಾರ್ಮನ್ನು ಟೈಪ್ ಮಾಡಿಸಿ, ಕೆಳಗೊಂದು ಚೌಕದ ಡಬ್ಬಿ ಹಾಕಿಸಿ, "ಹತ್ತಕ್ಕೆ ಎಷ್ಟು?" ಎಂದು ಸೇರಿಸಿ ನಮಗೆ ಕೊಟ್ಟರು.

ಮೊದಲು ನಾನು ಅವಳ ಕ್ಲಾಸಿಗೆ ಹೋದೆ. ಕೊನೆಯ ಬೆಂಚಿನಲ್ಲಿ ನನ್ನ ಮೊಣಕಾಲು ಹಿಡಿಸಲಿಲ್ಲ, ಅಡ್ಡ ಕೂತೆ. ಮೂರನೇ ಬೆಂಚಿನ ಕಿಟಕಿ ಪಕ್ಕದ ಹುಡುಗಿಯನ್ನು ಆರಿಸಿಕೊಂಡೆ. ಎರಡು ಜಡೆ, ಉಗುರಿನ ಸಂದಿಯಲ್ಲಿ ಗದ್ದೆಯ ಕೆಸರು. ಫಾರ್ಮಿನ ಮೊದಲ ಸಾಲಿನಲ್ಲಿ "ಜಡೆ ಬಿಗಿದುಕೊಂಡಳು" ಎಂದು ಬರೆದೆ.

ಲಿಂಗಸುಗೂರಿನವಳು ಬೋರ್ಡಿನ ಮೇಲೆ ಒಂದು ಟೇಬಲ್ ಬರೆದಳು. ಎಂಟು ಸಾಲು. ಕೊನೆಯ ಸಾಲು: ಎಂಟು, ಐವತ್ತಾರು, ನಾಲ್ಕು.

ನನ್ನ ಟೇಬಲ್. ನನ್ನದೇ ಅಂಕಿ, ನನ್ನದೇ ತಪ್ಪು.

ಅವಳು ಡಸ್ಟರ್ ಇಟ್ಟು, ತಿರುಗಿ, ಕೈ ಕಟ್ಟಿ ನಿಂತಳು. "ಹೂಂ. ಇವತ್ತು ತಪ್ಪು ಎಲ್ಲಿ ಐತಿ? ಹುಡುಕ್ರಿ."

ಅದು ಅಲ್ಲಿನ ಪದ್ಧತಿ ಎಂದು ಮಕ್ಕಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ದಿನಕ್ಕೊಂದು ತಪ್ಪನ್ನು ಬೇಕೆಂದೇ ಬೋರ್ಡಿನ ಮೇಲೆ ಇಡುತ್ತಾಳೆ, ಇವರು ಹುಡುಕುತ್ತಾರೆ. ಯಾರೂ ಪೆನ್ನು ಎತ್ತಲಿಲ್ಲ. ಎಲ್ಲರ ತುಟಿ ಅಲ್ಲಾಡುತ್ತಿತ್ತು, ಕೂಡಿಸುತ್ತಿದ್ದರು, ಕಳೆಯುತ್ತಿದ್ದರು. ಎರಡು ಜಡೆಯವಳು ಬೆರಳು ಮಡಚಿ ಎಣಿಸಿ ಎದ್ದು ನಿಂತಳು.

"ಎಂಟನೇ ಸಾಲಿನಾಗ ಐತ್ರಿ ಮೇಡಂ. ಮೊದ್ಲು ಅರವತ್ತಿತ್ತು, ಈಗ ಐವತ್ತಾರು ಆತು. ಎಂಟನೇದಾಕಿ ನಾಲ್ಕು ಕೆಡಿಸ್ಯಾಳ್ರಿ. ಕೂಡಿಸಿಲ್ಲ."

"ಹೊಲದಾಗ ಕೆಲಸಕ್ಕ ಬಂದಾಕಿ ಹ್ಯಾಂಗ ಕೆಡಿಸ್ತಾಳ?"

"ಜಾಗ ಸಾಲಂಗಿಲ್ಲಲ್ರಿ. ಹಚ್ಚಿದ ಸಸೀನ ತುಳೀತಾಳ."

"ಮಾತು ಹೆಚ್ಚಾಗತಾವ್ರಿ!" ಎಂದಳು ಇನ್ನೊಬ್ಬಳು. ಹುಡುಗರ ಕಡೆಯಿಂದ "ಅದು ಏಳನೇದಾಕಿ ಬಂದಾಗ ಶುರು ಆಗತೈತಿ" ಎಂದು ಯಾವನೋ ಅಂದ. ಕ್ಲಾಸೆಲ್ಲ ಗದ್ದಲ. ಅವಳು ಎರಡು ಜಡೆಯವಳಿಗೆ "ಶಾಬಾಸ್. ನೀ ಹೇಳಿದ್ದು ಖರೇ," ಅಂದು ಸೀಮೆಸುಣ್ಣ ಕೊಟ್ಟಳು. ಹುಡುಗಿ ಬಂದು ನಾಲ್ಕರ ಮುಂದೆ ಒಂದು ಗೆರೆ ಎಳೆದಳು. ಇಷ್ಟುದ್ದ ಗೆರೆ.

ನನಗೆ ಬಹಳ ವರ್ಷದ ಮೇಲೆ ಏನೋ ಅನ್ನಿಸಿತು, ಅದೂ ಸಿಟ್ಟು. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂಡಿಸಿಕೊಂಡು ನನ್ನ ಮಾನವನ್ನು ಬೋರ್ಡಿನ ಮೇಲೆ ಹರಾಜು ಹಾಕಿದಳಲ್ಲ, ಎಷ್ಟು ಧೈರ್ಯ! ಆದರೆ ಫಾರ್ಮಿನಲ್ಲಿ ಸುಳ್ಳು ಬರೆಯಲಿಲ್ಲ. ಬೆರಳು ಮಡಚಿ ಎಣಿಸಿದಳು. ಎದ್ದು ಹೇಳಿದಳು. ಹುಡುಗನೊಂದಿಗೆ ವಾದಿಸಿದಳು. ಬೋರ್ಡಿಗೆ ಹೋದಳು. ಹನ್ನೊಂದು ಸಾಲಿನಲ್ಲಿ "ಬರೆದುಕೊಂಡಳು" ಎಂಬುದು ಎರಡೇ ಸಲ ಬಂತು. ಕೆಳಗೆ ಏನು ಬದಲಾಯಿಸಬಹುದು ಎಂಬ ಜಾಗಕ್ಕೆ ಬಂದೆ. ಬಹಳ ಹೊತ್ತು ಯೋಚಿಸಿದೆ. ಏನೂ ಇರಲಿಲ್ಲ. ಖಾಲಿ ಬಿಟ್ಟೆ. ಡಬ್ಬಿಯಲ್ಲಿ ಆರು ಎಂದು ಬರೆದೆ.

ಆರು. ಏಳು ಬರೆದರೆ ನಾನು ಉಳಿಯುವುದು ಅನುಮಾನ ಎಂಬ ಲೆಕ್ಕ ಆ ಕೈಗೆ ತಾನಾಗಿ ಗೊತ್ತಿತ್ತು. ಫಾರ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಕೊಡಲು ತರಬೇತಿ ಮುಗಿದ ಮೇಲಿನ ಸೋಮವಾರದವರೆಗೆ ಸಮಯ ಇತ್ತು.

ಎರಡು ದಿನ ಬಿಟ್ಟು ಅವಳು ನನ್ನ ಕ್ಲಾಸಿಗೆ ಬಂದಳು. ಅದೇ ಟೇಬಲ್, ನನ್ನ ಸೆಕ್ಷನ್ನಿಗೆ ಅಂದು ಆ ಪಾಠ. ಬರೆಸುತ್ತ ಬರೆಸುತ್ತ ಎಂಟನೆಯ ಸಾಲಿಗೆ ಬಂದಾಗ ಬೋರ್ಡಿನ ಮೇಲೆ ಮೈನಸ್ ಹಾಕಿದೆ. ಹನ್ನೆರಡು ವರ್ಷದ ಮೇಲೆ. ಹಿಂದೆ ಕೂತವಳಿಗಾಗಿ ಹಾಕಿದ್ದು, ಒಳ್ಳೆಯತನಕ್ಕಲ್ಲ.

ಮುಂದಿನ ಬೆಂಚಿನವಳ ಬಳಿ ಜೆರಾಕ್ಸ್ ಇತ್ತು. "ಮೇಡಂ, ನೋಟ್ಸ್‌ನಾಗ ಬರೀ ನಾಲ್ಕೈತ್ರಿ. ಯಾವ್ದು ಬರಕೋಬೇಕ್ರಿ?"

"ಬೋರ್ಡಿನ ಮ್ಯಾಲಿಂದು."

"ಪರೀಕ್ಷಾದಾಗ್ರಿ?"

"ಅದನ್ನ."

ಜೆರಾಕ್ಸ್ ಇದ್ದವರೆಲ್ಲ ಹಳೆಯದಕ್ಕೆ ಗೀಟು ಹಾಕಿ ಹೊಸದನ್ನು ಬರೆದುಕೊಂಡರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ನಾನು ಪ್ಲಸ್ ಐನೂರು ಅಂದಿದ್ದರೂ ಬರೆದುಕೊಳ್ಳುತ್ತಿದ್ದರು. ಹದಿನೇಳು ವರ್ಷ ನಾನು ಕಲಿಸಿದ್ದು ಇದನ್ನೇ, ಇದನ್ನು ಮಾತ್ರ ಅವರು ಚೆನ್ನಾಗಿ ಕಲಿತಿದ್ದರು.

ಕೊನೆಯ ಶನಿವಾರ ಸಿಂಧನೂರಿನಲ್ಲಿ ಜೋಡಿ ಜೋಡಿಯಾಗಿ ಕೂತು ಮಾತಾಡಿ ಎಂದು ಪ್ರಾಧ್ಯಾಪಕರು ಹೇಳಿದರು. ನಾವಿಬ್ಬರೂ ಕಿಟಕಿಯ ಹತ್ತಿರ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಕೆಳಗೆ ನೆಲ್ಲಿನ ಚೀಲ ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಮಿಲ್ಲಿನ ಕಡೆ ಹೋಗುತ್ತಿದ್ದವು.

"ಆ ಟೇಬಲ್ ಗುರ್ತು ಹತ್ತಿತೇನ್ರಿ ಮೇಡಂ?" ಅಂದಳು.

"ಯಾವ ಟೇಬಲ್?" ಅಂದೆ.

ಅವಳು ನನ್ನನ್ನೇ ನೋಡಿದಳು. "ನಿಮ್ಮದರಿ ಅದು. ನಿಮ್ಮನ್ನ ಹಂಗಿಸಬೇಕಂತ ಹಾಕಿಲ್ರಿ, ನಮ್ಮವ್ವನಾಣೆ. ನಾ ಪ್ರತಿ ವರ್ಷಾ ಅದನ್ನ ಹಾಕ್ತೀನ್ರಿ. ಆವತ್ತು ನೀವು ಸುಮ್ನ ಬರಕೋ ಅಂದ್ರಿ. ನನಗ ಸಮಾಧಾನ ಆಗಲಿಲ್ಲ. ಮನಿಗೆ ಹೋಗಿ ನಮ್ಮವ್ವನ್ನ ಕೇಳಿದೆ, ಬೇ ಯವ್ವಾ, ಎಂಟನೇದಾಕಿ ಬಂದ್ರ ಏನಾಕೈತಿ ಅಂತ. ಆಕಿ ನಕ್ಕು, ಎಲ್ಲಾ ಬಿಡಿಸಿ ಹೇಳಿದ್ಲು. ಆಮ್ಯಾಲ ಅಂದ್ಲು, ನಾಲ್ಕು ಜಾಸ್ತಿ ಆಗತೈತಿ ಅಂದ್ರ ನಿಮ್ಮ ಮೇಡಂ ಒಂದಿನಾನೂ ಗದ್ದಿಗೆ ಇಳಿದಿಲ್ಲ ತಗಿ ಅಂತ. ಅವತ್ತ ನನಗ ಎಕನಾಮಿಕ್ಸ್ ತಿಳೀತ್ರಿ. ಆ ತಪ್ಪು ಇರದಿದ್ರ ನಾನೂ ಸುಮ್ನ ಬರಕೊಂಡು ಹೋಗತಿದ್ನಿ."

ನನ್ನ ತವರು ದಢೇಸುಗೂರು. ಪಿಯುಸಿ ಮುಗಿಯುವವರೆಗೆ ಪ್ರತಿ ಸೂಟಿಯಲ್ಲೂ ನಾನು ಗದ್ದೆಗೆ ಇಳಿದವಳು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು, ಜನ ಜಾಸ್ತಿಯಾದಾಗ ಒಬ್ಬರ ಸಸಿ ಇನ್ನೊಬ್ಬರು ತುಳಿದು ಬೈಸಿಕೊಂಡವಳು. ಎಂಟನೆಯವಳು ಬಂದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದನ್ನು ಒಂದು ದಿನವೂ ಕ್ಲಾಸಿನಲ್ಲಿ ಹೇಳಿರಲಿಲ್ಲ. ಅದು ನೋಟ್ಸಿನಲ್ಲಿ ಇರಲಿಲ್ಲ.

"ನನಗ ನೆನಪಿಲ್ಲವಾ," ಅಂದೆ.

ಫಾರ್ಮು ನನ್ನ ಚೀಲದಲ್ಲೇ ಇತ್ತು. ಪೆನ್ನೂ ಇತ್ತು. ಆರನ್ನು ಒಂಬತ್ತು ಮಾಡಲು ಅರ್ಧ ನಿಮಿಷ ಬೇಡ. ತರಬೇತಿ ಮುಗಿದು ಪ್ರಮಾಣಪತ್ರ ಹಂಚಿದರು, ಫೋಟೋ ತೆಗೆದರು. ನಾನು ಚೀಲದ ಜಿಪ್ ತೆರೆದು ಪ್ರಮಾಣಪತ್ರವನ್ನು ಫಾರ್ಮಿನ ಪಕ್ಕದಲ್ಲಿಟ್ಟು ಮತ್ತೆ ಮುಚ್ಚಿದೆ. ಏನೂ ಅನ್ನಿಸಲಿಲ್ಲ. ನಿಜ ಹೇಳುತ್ತಿದ್ದೇನೆ, ಏನೂ ಅನ್ನಿಸಲಿಲ್ಲ.

ಸೋಮವಾರ ಪ್ರಿನ್ಸಿಪಾಲರು ಎರಡೂ ಫಾರ್ಮುಗಳ ಕೊನೆಯ ಡಬ್ಬಿಯನ್ನಷ್ಟೇ ನೋಡಿದರು. "ಹಿರೇ ಮೇಡಂಗೆ ಒಂಬತ್ತು. ಸಣ್ಣ ಮೇಡಂಗೆ ಆರು. ಮತ್ತೇನೈತಿ, ನೀವ ಹಾಕಿದ್ದು." ನಮ್ಮ ನಮ್ಮ ಕ್ಲಾಸಿನ ಬಗ್ಗೆ ಬರೆದ ಫಾರ್ಮನ್ನು ನಮ್ಮ ನಮ್ಮ ಕೈಗೆ ಕೊಟ್ಟು ಓದಿಸಿ, ಸಹಿ ಹಾಕಿಸಿಕೊಂಡು ಫೈಲಿಗೆ ಸೇರಿಸಿದರು.

ಅವಳು ನನ್ನ ಕ್ಲಾಸಿನಲ್ಲಿ ಯಾವುದೋ ಒಬ್ಬ ಹುಡುಗಿಯನ್ನು ನೋಡಿ ಬರೆದಿದ್ದಳು. ಬರೆದುಕೊಂಡಳು. ಬರೆದುಕೊಂಡಳು. ಬರೆದುಕೊಂಡಳು. ಗೀಟು ಹಾಕಿ ತಿದ್ದಿಕೊಂಡಳು. ಬರೆದುಕೊಂಡಳು. ಕೆಳಗೆ ಎರಡು ಸಾಲು, ಮುತ್ತಿನಂಥ ಅಕ್ಷರ: "ಮೇಡಂ ಮೈನಸ್ ಬರೆದ ಮೇಲೆ, ಯಾಕೆ ಎಂದು ಯಾರಾದರೂ ಕೇಳುವವರೆಗೆ ಒಂದು ನಿಮಿಷ ಸುಮ್ಮನೆ ನಿಂತಿದ್ದರೆ ಸಾಕಿತ್ತು." ಅದರ ಪಕ್ಕದಲ್ಲಿ ಒಂಬತ್ತು.

ದಸರಾ ಸೂಟಿಯ ಹಿಂದಿನ ದಿನ ಬಸ್ ಸ್ಟ್ಯಾಂಡಿಗೆ ಒಟ್ಟಿಗೇ ನಡೆದೆವು. ಅವಳು ಅಂದೂ ಒಂದು ಹೆಜ್ಜೆ ಹಿಂದೆ. ಅವಳ ಕೈಯಲ್ಲಿ ಕಪಾಟಿನಿಂದ ತೆಗೆದ ಪುಸ್ತಕಗಳ ಚೀಲ. ಲಿಂಗಸುಗೂರಿನ ಬಸ್ಸು ಬರುವುದು ಕಂಡಾಗ ಮಾತಾಡಿದಳು.

"ಆರು ಕೊಟ್ಟಿದ್ದಕ್ಕ ಬೇಜಾರಿಲ್ರಿ ಮೇಡಂ. ಆದ್ರ ಕೆಳಗ ಜಾಗ ಖಾಲಿ ಬಿಟ್ಟೀರಿ. ಏನ್ ಬದಲ ಮಾಡಬೇಕು ಅಂತ ಒಂದು ಸಾಲು ಬರದು ಕೊಟ್ಟಿದ್ರ, ಮುಂದ ಎಲ್ಲೆರ ಅದನ್ನ ಮಾಡತಿದ್ನಿ."

"ಬಸ್ ಬಂತು ನೋಡು. ಹತ್ತು, ಸೀಟು ಸಿಗಂಗಿಲ್ಲ," ಅಂದೆ.

ಹತ್ತಿದಳು. ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದು ಕಾಣಿಸಿತು.

ಸೂಟಿ ಮುಗಿದು ಎರಡೂ ಸೆಕ್ಷನ್ ಕೂಡಿ ಒಂದಾದವು. ಐವತ್ತೆಂಟು ಜನ, ಬೆಂಚಿಗೆ ನಾಲ್ಕು ನಾಲ್ಕು ಮಂದಿ. ಮೊದಲ ದಿನ ನೋಟ್‌ಬುಕ್ ತೆರೆದು ಬೇಡಿಕೆಯ ಟೇಬಲನ್ನು ಬೋರ್ಡಿನ ಮೇಲೆ ಬರೆದೆ. ಬರೆಯುವ ಮುಂಚೆ ಸ್ಟಾಫ್ ರೂಮಿನಲ್ಲಿ ಮೂರು ಸಲ ಕೂಡಿಸಿ ನೋಡಿಕೊಂಡಿದ್ದೆ. ತಪ್ಪಿರಲಿಲ್ಲ. ತಿರುಗಿದೆ. ಒಂದು ನಿಮಿಷ ಸುಮ್ಮನೆ ನಿಲ್ಲಬೇಕು ಎಂದು ತೀರ್ಮಾನಿಸಿ ಬಂದಿದ್ದೆನೇ ಅಂದರೆ ಅದೂ ಅಲ್ಲ. ಬರೆಸಲು ಶುರು ಮಾಡಲಿಲ್ಲ, ನಿಂತೆ.

ನನ್ನ ಹಳೆಯ ಸೆಕ್ಷನ್ನಿನವರು ಪೆನ್ನು ಹಿಡಿದು ಕಾಯುತ್ತಿದ್ದರು. "ಹೇಳ್ರಿ ಮೇಡಂ," ಅಂದಳು ಮುಂದಿನವಳು. ಮೂರನೇ ಬೆಂಚಿನಲ್ಲಿ ಎರಡು ಜಡೆಯವಳು ಪುಸ್ತಕ ತೆರೆದಿರಲಿಲ್ಲ. ಬೋರ್ಡು ನೋಡುತ್ತ ಬೆರಳು ಮಡಚುತ್ತಿದ್ದಳು. ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ. ಕೊನೆಗೆ ಸೋತು ಕೈ ಎತ್ತಿದಳು.

"ಇವತ್ತು ತಪ್ಪು ಎಲ್ಲಿ ಇಟ್ಟೀರ್ರಿ ಮೇಡಂ? ನನಗ ಸಿಗವಲ್ದು."

"ಸುಮ್ನ ಬರಕೋ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನನ್ನ ಕಿವಿಗೇ ಕೇಳಿಸಿತು ಅದು. ಆ ಹುಡುಗಿಯ ಜಾಗದಲ್ಲಿ ಜವಳಗೇರಾದ ಇನ್ನೊಬ್ಬ ಹುಡುಗಿ ನಿಂತಿದ್ದು ಕಂಡಿತು. ಆಗ ಅನ್ನಿಸಿತು. ಜೋಮು ಬಿಡುವಾಗ ಕಾಲಿಗೆ ಸೂಜಿ ಚುಚ್ಚಿದಂತಾಗಿ ನಿಲ್ಲಲಾಗದ ಹಾಗೆ ಆಗುತ್ತದಲ್ಲ, ಹಾಗೆ ಎದೆಯಿಡೀ ಚುಚ್ಚಿತು. ಮೇಜು ಹಿಡಿದುಕೊಂಡೆ.

"ಬೋರ್ಡಿನ ಮ್ಯಾಲ ಇಲ್ಲವಾ," ಅಂದೆ. "ತಪ್ಪು ಆಫೀಸಿನ ಫೈಲಿನಾಗ ಐತಿ. ನಾನ ಇಟ್ಟೀನಿ."

ಹಿಂದಿನ ಬೆಂಚುಗಳಲ್ಲಿ ಪೆನ್ನುಗಳ ಸದ್ದಾಯಿತು. ಅದನ್ನೂ ಬರೆದುಕೊಳ್ಳುತ್ತಿದ್ದರು. ಎರಡು ಜಡೆಯವಳು ಬರೆದುಕೊಳ್ಳಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದಳು: "ಮತ್ತ ಅದನ್ನ ತಿದ್ದಾಕ ಬರಂಗಿಲ್ಲೇನ್ರಿ?"

ಗಂಟೆ ಹೊಡೆಯುವವರೆಗೆ ಅವರಿಗೆ ಗದ್ದೆಯ ಕಥೆ ಹೇಳಿದೆ, ಬೇಡಿಕೆಯ ಪಾಠ ಮಾಡಲಿಲ್ಲ. ಆಮೇಲೆ ಆಫೀಸಿಗೆ ಹೋಗಿ ಆ ಫಾರ್ಮು ಕೊಡಿ ಅಂದೆ. "ಆಗಿ ಹೋಗೈತಲ್ರಿ ಮೇಡಂ, ಈಗ ಅದನ್ನ ತಗೊಂಡು ಏನ್ ಮಾಡ್ತೀರಿ?" ಅಂದರು ಪ್ರಿನ್ಸಿಪಾಲರು. ಈಗ ತಿದ್ದಿದರೆ ಅವಳು ವಾಪಸ್ ಬರುತ್ತಾಳೇನು ಎಂದು ನಾನೇ ಕೇಳಿದೆ. ಇಲ್ಲ ಅಂದರು. ನಾನು ಬಿಡುತ್ತೇನೆ, ನನ್ನ ಬದಲಿಗೆ ಬರಬಹುದಲ್ಲ ಅಂದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಫೈಲು ತೆಗೆದುಕೊಟ್ಟರು. ಖಾಲಿ ಜಾಗದಲ್ಲಿ "ಬದಲಾಯಿಸುವುದು ಏನೂ ಇಲ್ಲ" ಎಂದು ಬರೆದೆ. ಆರಕ್ಕೆ ಗೀಟು ಹಾಕಿ ಹತ್ತು ಮಾಡಿ, ಪಕ್ಕದಲ್ಲಿ ಸಹಿ ಹಾಕಿದೆ.

ಬಸ್ ಸ್ಟ್ಯಾಂಡಿನಲ್ಲಿ ಸಿಂಧನೂರಿನ ಬಸ್ಸು ನಿಂತಿತ್ತು. ಹತ್ತಲಿಲ್ಲ. ಲಿಂಗಸುಗೂರಿನದು ಬಂದ ಮೇಲೆ ಅದನ್ನು ಹತ್ತಿದೆ. ಕಂಡಕ್ಟರ್ ನನ್ನನ್ನು ಗುರುತಿಸಿ, "ಮೇಡಂ, ನಿಮ್ಮ ಬಸ್ ಆಕಡೀದ್ರಿ," ಅಂದ. "ಗೊತ್ತೈತಿ, ಟಿಕೆಟ್ ಹರಿ," ಅಂದೆ. ಅವಳ ಮನೆಯ ಬಾಗಿಲಲ್ಲಿ ನಿಂತು ಏನು ಹೇಳಬೇಕೆಂದು ದಾರಿಯುದ್ದಕ್ಕೂ ನನಗೆ ನಾನೇ ಬರೆಸಿಕೊಳ್ಳುತ್ತ ಹೋದೆ. ತಪ್ಪು ನಂದವಾ, ಪೂರ್ಣವಿರಾಮ. ಮುಂದಿನ ಪ್ಯಾರಾ ಹೊಳೆಯಲಿಲ್ಲ. ಬಸ್ಸು ಲಿಂಗಸುಗೂರಿಗೆ ಬಂತು, ಇಳಿದೆ.